ಎಲ್ಲಿ ತಪ್ಪಿದೆನೆಂದು ಹೇಳುವವರು ಯಾರು?

ಕಳೆದ ವೈಶಾಖದಲ್ಲಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆಂದು ಅರಸೀಕೆರೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕುಳಿತವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ನನಗೆ ದೂರದ ನೆಂಟರೂ ಹೌದು. ಮಾತು ಶಿಕ್ಷಣದ ಕಡೆಗೆ ಹೊರಳಿತು. "ಮೇಷ್ಟ್ರೇ, ಇನ್ನು ನಿಮ್ಮ ವೃತ್ತಿಯ ಕಾಲ ಮುಗೀತು ಬಿಡಿ. ಇಡೀ ದೇಶಕ್ಕೆ ಒಬ್ಬ ಒಳ್ಳೆ ಮೇಷ್ಟ್ರು ಇದ್ದರೆ ಸಾಕು. ಅವರ ಪಾಠ ರೆಕಾರ್ಡ್ ಮಾಡಿ ಫೋನಿಗೆ ಬಿಟ್ಟರೆ ಆಯಿತು. ಕಾಲೇಜಿಗೆ ಒಬ್ಬೊಬ್ಬರಂತೆ ಸಂಬಳ ಕೊಟ್ಟು ಸಾಕೋದು ಯಾಕೆ?" ಎಂದರು. ಬಾಯಲ್ಲಿ ಹೋಳಿಗೆ ಇದ್ದುದರಿಂದ ನಾನು ಉತ್ತರಿಸಲಿಲ್ಲ. ಆದರೆ ತುಪ್ಪ ಬಡಿಸುತ್ತಾ ನಮ್ಮೆದುರು ನಿಂತಿದ್ದ ನನ್ನ ಅಕ್ಕನ ಮೊಮ್ಮಗಳು ಈ ಮಾತನ್ನು ಕೇಳಿಸಿಕೊಂಡಳು. ಅವಳ ಮುಖ ಸಪ್ಪಗಾದುದನ್ನು ಕಂಡೆ. ಅಂದು ನುಂಗಿಕೊಂಡ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ನೀವೆಲ್ಲ ನನ್ನ ತರಗತಿಯಲ್ಲಿ ಕುಳಿತು ನನ್ನ ದೀರ್ಘ ಪೀಠಿಕೆಗಳನ್ನು ಸಹಿಸಿಕೊಂಡವರು, ಇನ್ನೊಮ್ಮೆ ಸಹಿಸಿಕೊಳ್ಳಿರಿ.

ಆ ಹುಡುಗಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ತಾಲ್ಲೂಕು ಕೇಂದ್ರದ ಕಾಲೇಜು, ಹೆಸರು ಬೇಡ. ಅಲ್ಲಿ ಗಣಿತಕ್ಕೆ ಕಾಯಂ ಉಪನ್ಯಾಸಕರಿಲ್ಲ. ಅತಿಥಿ ಉಪನ್ಯಾಸಕರು ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ವಾರಗಳು ಕಳೆದವು. ಕೊನೆಗೆ, "ಬಹುಚರ ಕಲನಶಾಸ್ತ್ರಕ್ಕೆ ಒಳ್ಳೊಳ್ಳೆಯ ಆನ್‌ಲೈನ್ ಕೋರ್ಸುಗಳಿವೆ, ನೋಂದಾಯಿಸಿಕೊಂಡು ನೋಡಿಕೊಳ್ಳಿ" ಎಂದು ಮಕ್ಕಳಿಗೆ ತಿಳಿಸಲಾಯಿತು. ನಿಯಮದ ದೃಷ್ಟಿಯಿಂದ ಇದರಲ್ಲಿ ಯಾವ ದೋಷವನ್ನೂ ಹುಡುಕಲಾಗದು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡ 40ರವರೆಗೆ ಸ್ವಯಂ ವೇದಿಕೆಯ ಆನ್‌ಲೈನ್ ಕೋರ್ಸುಗಳ ಮೂಲಕ ಪಡೆಯಬಹುದೆಂದು ಯು.ಜಿ.ಸಿ.ಯೇ 2021ರಲ್ಲಿ ವಿನಾಯಿತಿ ನೀಡಿದೆ; ಅದಕ್ಕೂ ಮೊದಲು 2016ರ ನಿಯಮದಲ್ಲಿ ಅದು ಶೇಕಡ 20 ಇತ್ತು. ಇಲ್ಲದ ವಿಷಯವನ್ನು ಕಲಿಯಲು ಮಕ್ಕಳಿಗೆ ಬಾಗಿಲು ತೆರೆಯಬೇಕೆಂಬುದು ನಿಯಮದ ಆಶಯ. ಆದರೆ ನಮ್ಮಲ್ಲಿ ಅದು ಇಲ್ಲದ ಉಪನ್ಯಾಸಕರ ಕುರ್ಚಿಯ ಮೇಲೆ ಹೊದಿಸುವ ಬಟ್ಟೆಯಾಯಿತು.

ಜನವರಿಯಲ್ಲಿ ಅವಳು ನನ್ನ ಬಳಿ ಬಂದು, "ತಾತ, ನೀವೂ ಸೇರಿಕೊಳ್ಳಿ, ಜೊತೆಯಲ್ಲಿ ಓದೋಣ" ಎಂದಳು. ನನಗೂ ಆಸೆಯಾಯಿತು. ನಾನು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಮಾಡಿ ಪ್ರೌಢಶಾಲೆಗೆ ಸೇರಿದವನು. ಆಂಶಿಕ ಅವಕಲನವನ್ನು ಕಾಲೇಜಿನಲ್ಲಿ ಓದಿದ್ದೆನಾದರೂ ಮೂರು ದಶಕ ಮೀರಿ ಪೈಥಾಗೊರಸನ ಪ್ರಮೇಯ, ವರ್ಗ ಸಮೀಕರಣ, ಶಂಕುವಿನ ಘನಫಲಗಳಲ್ಲೇ ಮುಳುಗಿದ್ದವನಿಗೆ ಅದೆಲ್ಲ ಮಸುಕಾಗಿತ್ತು. ಸರಿ, ಹನ್ನೆರಡು ವಾರಗಳ ಕೋರ್ಸಿಗೆ ಇಬ್ಬರೂ ಹೆಸರು ಕೊಟ್ಟೆವು. ಅವಳು ಅವಳ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ಭಾನುವಾರ ಮಾತ್ರ ಭೇಟಿ.

ಮೊದಲಿಗೇ ಹೇಳಿಬಿಡುತ್ತೇನೆ: ದೂರದಿಂದ ಬರುವ ಪಾಠವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಕೋರ್ಸಿನ ಜೊತೆಗೆ ನಾನು ಅಮೆರಿಕದ ಎಂ.ಐ.ಟಿ.ಯವರು ಉಚಿತವಾಗಿ ಇರಿಸಿರುವ ಬಹುಚರ ಕಲನದ ಪಾಠಗಳನ್ನೂ ನೋಡಿದೆ. ಡೆನಿಸ್ ಔರೂ ಎಂಬ ಪ್ರಾಧ್ಯಾಪಕರು 2007ರಲ್ಲಿ ಮಾಡಿದ 35 ಉಪನ್ಯಾಸಗಳು ಅವು. ಕರಿಹಲಗೆ, ಸೀಮೆಸುಣ್ಣ, ಎದುರಿಗೆ ವಿದ್ಯಾರ್ಥಿಗಳು. ಸದಿಶಗಳ ಬಿಂದು ಗುಣಲಬ್ಧದಿಂದ ಆರಂಭಿಸಿ ಸ್ಟೋಕ್ಸ್ ಪ್ರಮೇಯದವರೆಗೆ ಕೈಹಿಡಿದು ನಡೆಸುತ್ತಾರೆ. ಅಂಥ ಪಾಠವನ್ನು ನಾನು ಇಪ್ಪತ್ತರ ಹರೆಯದಲ್ಲಿ ಕೇಳಿದ್ದರೆ ನನ್ನ ಬದುಕಿನ ದಾರಿಯೇ ಬೇರೆಯಾಗುತ್ತಿತ್ತೇನೋ! ನಮ್ಮ ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳೂ ಅಷ್ಟೇ. ಹಣವಿಲ್ಲದ ಮನೆಯ ಮಗುವಿನ ಅಂಗೈಗೆ ಇಂಥ ವಿದ್ಯೆ ಬಂದಿರುವುದು ಸಣ್ಣ ಮಾತಲ್ಲ. ಅದಕ್ಕೆ ಕೈಮುಗಿಯುತ್ತೇನೆ.

ನನ್ನ ಜಗಳ ಬೇರೆಯೇ ಇದೆ.

ಬಹುಚರ ಕಲನವೆಂದರೆ ಏನು ಎಂದು ನಿಮ್ಮಲ್ಲಿ ಗಣಿತವನ್ನು ಎಸ್.ಎಸ್.ಎಲ್.ಸಿ.ಗೇ ಕೈಬಿಟ್ಟವರು ಕೇಳಬಹುದು. ಒಂದೇ ಚರವಿದ್ದಾಗ ನಾವು ಒಂದು ಗೆರೆಯ ಮೇಲೆ ನಡೆಯುತ್ತೇವೆ. ಒಂದು ಬಿಂದುವನ್ನು ಸಮೀಪಿಸಲು ಎಡದಿಂದ ಬರಬಹುದು, ಇಲ್ಲವೇ ಬಲದಿಂದ. ಎರಡು ಚರಗಳಾದೊಡನೆ ಬಯಲಿಗೆ ಬಂದು ನಿಲ್ಲುತ್ತೇವೆ. ಆ ಬಿಂದುವಿಗೆ ಬರುವ ದಾರಿಗಳಿಗೆ ಲೆಕ್ಕವೇ ಇಲ್ಲ. ಎಕ್ಸ್ ಮತ್ತು ವೈಗಳ ಗುಣಲಬ್ಧವನ್ನು ಅವೆರಡರ ವರ್ಗಗಳ ಮೊತ್ತದಿಂದ ಭಾಗಿಸಿ ಮೂಲಬಿಂದುವಿನತ್ತ ಸಾಗಿರಿ. ಎಕ್ಸ್ ಅಕ್ಷದ ಮೇಲೆ ಬಂದರೆ ಉತ್ತರ ಸೊನ್ನೆ, ವೈ ಅಕ್ಷದ ಮೇಲೆ ಬಂದರೂ ಸೊನ್ನೆ. ಎರಡೂ ಸಮವಾಗಿರುವ ಓರೆಗೆರೆಯ ಮೇಲೆ ಬಂದರೆ ಮಾತ್ರ ಅರ್ಧ! ಎರಡು ದಾರಿಗಳನ್ನು ನೋಡಿ 'ಮಿತಿ ಸೊನ್ನೆ' ಎಂದು ಬರೆದವನು ಬಿದ್ದ. ಇದು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿಕೊಳ್ಳಬೇಕಾದ ಗಣಿತ. ಕೈಯಲ್ಲಿ ತಟ್ಟೆ, ಬಟ್ಟಲು, ಹಾಳೆ ಹಿಡಿದು ತಿರುಗಿಸಿ ತೋರಿಸುವವರೊಬ್ಬರು ಎದುರಿಗಿದ್ದರೆ ಅರ್ಧ ಕಷ್ಟ ಕಳೆದಂತೆ. ಮಕ್ಕಳ ಫೋನಿನ ಪರದೆಯೋ ನನ್ನ ಅಂಗೈಯಗಲ.

ಇಷ್ಟಾದರೂ ಆರು ವಾರ ನಡೆಯಿತು. ಪಾಠ ಕೇಳುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಅದು ಈ ಬಗೆಯ ಪಾಠದ ಮೋಹಕ ಗುಣ. ಈಜುವವನನ್ನು ದಡದಲ್ಲಿ ಕುಳಿತು ನೋಡಿದರೆ ನಮಗೂ ಈಜು ಬರುತ್ತದೆಂದೇ ಅನ್ನಿಸುವುದಿಲ್ಲವೇ? ನೀರಿಗಿಳಿಯುವುದು ಲೆಕ್ಕ ಮಾಡಲು ಕುಳಿತಾಗಲೇ. ವಾರಕ್ಕೊಂದು ಅಭ್ಯಾಸ ಪತ್ರಿಕೆ ಬರುತ್ತಿತ್ತು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರಗಳು. ಒಂದನ್ನು ಒತ್ತಿದರೆ ಆಯಿತು.

ಏಳನೆಯ ವಾರ ದ್ವಿ-ಅನುಕಲನ ಬಂದಿತು. ಒಂದು ಪ್ರಶ್ನೆ ಹೀಗಿತ್ತು: ನಾಲ್ಕರಿಂದ ಎಕ್ಸ್ ವರ್ಗವನ್ನೂ ವೈ ವರ್ಗವನ್ನೂ ಕಳೆದರೆ ಸಿಗುವ ಎತ್ತರದ ಗುಮ್ಮಟವಿದೆ, ನೆಲದಿಂದ ಗುಮ್ಮಟದವರೆಗಿನ ಘನಫಲವೆಷ್ಟು? ಕಣದಲ್ಲಿ ರಾಶಿ ಹಾಕಿದ ರಾಗಿಯಂತೆ ಕಲ್ಪಿಸಿಕೊಳ್ಳಿ; ತುದಿ ಮಾತ್ರ ಚೂಪಿಲ್ಲದೆ ದುಂಡಗಿದೆ. ತಳ ಎರಡು ಮಾನ ತ್ರಿಜ್ಯದ ವೃತ್ತ, ನಡುವಿನ ಎತ್ತರ ನಾಲ್ಕು. ತಳ ವೃತ್ತವಾದ್ದರಿಂದ ಎಕ್ಸ್, ವೈಗಳನ್ನು ಬಿಟ್ಟು ಕೇಂದ್ರದಿಂದ ದೂರ ಆರ್, ತಿರುಗಿದ ಕೋನ ಥೀಟಾ ಎಂದು ಇಟ್ಟುಕೊಳ್ಳುವುದು ಸುಲಭ. ಎತ್ತರ ಆಗ ನಾಲ್ಕರಿಂದ ಆರ್ ವರ್ಗ ಕಳೆದಷ್ಟು. ಅದನ್ನು ಸೊನ್ನೆಯಿಂದ ಎರಡರವರೆಗೆ ಅನುಕಲಿಸಿದೆ, ಸುತ್ತ ಒಂದು ಪೂರ್ಣ ಸುತ್ತು ಬಂದೆ. ಉತ್ತರ ಮೂರನೆಯ ಮೂವತ್ತೆರಡು ಪೈ, ಅಂದರೆ 32 ಪೈಯನ್ನು 3ರಿಂದ ಭಾಗಿಸಿದಷ್ಟು. ಅದು ನಾಲ್ಕು ಆಯ್ಕೆಗಳಲ್ಲಿ ಇದ್ದೇ ಇತ್ತು. ಹೆಮ್ಮೆಯಿಂದ ಒತ್ತಿದೆ.

ಭಾನುವಾರ ಹುಡುಗಿ ಬಂದಳು. ಅವಳೂ ಅದನ್ನೇ ಒತ್ತಿದ್ದಳು. ಗಡುವು ಮುಗಿದ ಮೇಲೆ ಅಂಕ ಬಂದಿತು: ಇಬ್ಬರಿಗೂ ಸೊನ್ನೆ. ಸರಿಯುತ್ತರ ಎಂಟು ಪೈ ಎಂದಷ್ಟೇ ಪರದೆ ಹೇಳಿತು. ನಾವು ಎಲ್ಲಿ ತಪ್ಪಿದೆವು? ಅದನ್ನು ಹೇಳಲಿಲ್ಲ. ಮತ್ತೆ ಮಾಡಿದೆವು, ಅದೇ ಉತ್ತರ. ಪಾಠವನ್ನು ಹಿಂದೆ ತಿರುಗಿಸಿ ಕೇಳಿದೆವು. ಎಲ್ಲವೂ ತಿಳಿದಂತೆಯೇ ಇತ್ತು. ಕೋರ್ಸಿನ ಚರ್ಚಾ ವೇದಿಕೆಯಲ್ಲಿ ಅವಳು ಪ್ರಶ್ನೆ ಬರೆದಳು. ನಾಲ್ಕು ದಿನಗಳ ಮೇಲೆ ಬಂದ ಉತ್ತರ, "ದಯವಿಟ್ಟು ಆ ವಾರದ ಉಪನ್ಯಾಸವನ್ನು ಇನ್ನೊಮ್ಮೆ ನೋಡಿ." ಯಾರೋ ಗೆಳತಿ ಹೇಳಿದಳೆಂದು ಫೋನಿನ ಒಂದು ಆ್ಯಪಿಗೆ ಪ್ರಶ್ನೆಯ ಚಿತ್ರ ತೋರಿಸಿದಳು. ಅದು ಕ್ಷಣದಲ್ಲಿ ಇಡೀ ಲೆಕ್ಕವನ್ನು ತಾನೇ ಮಾಡಿ ಇಳಿಸಿಬಿಟ್ಟಿತು. ಅವಳು ಅದನ್ನು ನೋಟ್ ಪುಸ್ತಕಕ್ಕೆ ನಕಲು ಮಾಡಿಕೊಂಡಳು. ಅವಳು ಕೇಳಿದ್ದು ಲೆಕ್ಕ ಮಾಡಿಕೊಡಿ ಎಂದಲ್ಲ. ತನ್ನ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂಬುದು ಆಗಲೂ ಅವಳಿಗೆ ತಿಳಿಯಲಿಲ್ಲ.

ಮೂರನೆಯ ರಾತ್ರಿ ನಾನು ಸೋತು, ನಮ್ಮ ಶಾಲೆಯಲ್ಲಿ ಓದಿ ಈಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ನನ್ನ ಹಾಳೆಯ ಚಿತ್ರ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂದಿತು. "ಸಾರ್, ಮೂರನೇ ಸಾಲು ನೋಡಿ. ಒಂದು ಆರ್ ಬಿಟ್ಟಿದ್ದೀರಿ. ನೀವೇ ನಮಗೆ ತ್ರಿಜ್ಯಾಂತರ ಖಂಡ ಹೇಳುವಾಗ ಹೋಳಿಗೆ ಕತ್ತರಿಸಿ ತೋರಿಸಿದ್ದಿರಲ್ಲ, ಅದನ್ನ ನೆನಪು ಮಾಡಿಕೊಳ್ಳಿ" ಎಂದ. ಥಟ್ಟನೆ ಹೊಳೆಯಿತು. ಹೋಳಿಗೆಯನ್ನು ಕೇಂದ್ರದಿಂದ ಅಂಚಿಗೆ ಕತ್ತರಿಸಿದರೆ ಪ್ರತಿ ಪಾಲೂ ನಡುವಿನಲ್ಲಿ ಚೂಪು, ಅಂಚಿನಲ್ಲಿ ಅಗಲ. ಅದೇ ಕೋನ, ಆದರೆ ಹೊರಗೆ ಹೋದಂತೆಲ್ಲ ತುಂಡು ದೊಡ್ಡದಾಗುತ್ತದೆ, ದೂರಕ್ಕೆ ತಕ್ಕಂತೆ. ಆ ಅಗಲವನ್ನು ಲೆಕ್ಕಕ್ಕೆ ತರುವುದೇ ಆರ್‌ನ ಕೆಲಸ. ನಾನು ನಡುವಿನ ತುಣುಕಿಗೂ ಅಂಚಿನ ತುಣುಕಿಗೂ ಒಂದೇ ಬೆಲೆ ಕಟ್ಟಿದ್ದೆ. ಆರ್‌ನಿಂದ ಗುಣಿಸಿ ಮತ್ತೆ ಅನುಕಲಿಸಿದರೆ ಎಂಟು ಪೈ ತಾನಾಗಿ ಬಂದು ಕುಳಿತಿತು. ಆಮೇಲೆ ಅವನು ಇನ್ನೊಂದು ಮಾತು ಸೇರಿಸಿದ: ಇಂಥ ಗುಮ್ಮಟವನ್ನು ಸರಿಯಾಗಿ ಒಳಗೊಳ್ಳುವ ಸಿಲಿಂಡರಿನ ಘನಫಲ ಹದಿನಾರು ಪೈ, ಗುಮ್ಮಟ ಯಾವಾಗಲೂ ಅದರ ಅರ್ಧ. ಆರ್ಕಿಮಿಡೀಸನಿಗೇ ಗೊತ್ತಿದ್ದ ಸಂಗತಿ. ಮುಂದೆ ತಾಳೆ ನೋಡಲು ನಮಗೊಂದು ಒರೆಗಲ್ಲು ಸಿಕ್ಕಿತು.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ನಮ್ಮ ತಪ್ಪು ಉತ್ತರ ಆ ನಾಲ್ಕು ಆಯ್ಕೆಗಳಲ್ಲಿ ಒಂದಾಗಿತ್ತು ಎಂದೆನಲ್ಲ, ಅದು ಅಲ್ಲಿಗೆ ಹೇಗೆ ಬಂದಿತು? 32 ಪೈಯನ್ನು 3ರಿಂದ ಭಾಗಿಸಿದ್ದು ಯಾರಿಗಾದರೂ ಸುಮ್ಮನೆ ಹೊಳೆಯುವ ಸಂಖ್ಯೆಯೇ? ವಿದ್ಯಾರ್ಥಿಗಳು ಆರ್ ಬಿಡುತ್ತಾರೆಂದು ಪ್ರಶ್ನೆ ಹಾಕಿದವರಿಗೆ ಚೆನ್ನಾಗಿ ಗೊತ್ತಿತ್ತು. ಆರ್ ಬಿಟ್ಟರೆ ಬರುವ ಉತ್ತರವನ್ನು ಲೆಕ್ಕ ಹಾಕಿ ಬಲೆಯಾಗಿ ಒಡ್ಡಿದ್ದರು. ಬಲೆಗೆ ಬಿದ್ದವರಿಗೆ 'ನೀನು ಆರ್ ಬಿಟ್ಟಿದ್ದೀಯೆ' ಎಂಬ ಒಂದು ಸಾಲನ್ನು ಬರೆದಿಡಲು ಎಷ್ಟು ಹೊತ್ತು ಬೇಕಿತ್ತು? ತಪ್ಪನ್ನು ಅಳೆಯಲು ಇದ್ದ ಶ್ರದ್ಧೆ ತಿದ್ದಲು ಇರಲಿಲ್ಲ. ಬೋಧನೆಯೆಂದರೆ ಪಾಠ ಹೇಳುವುದು ಮತ್ತು ಅಂಕ ಕೊಡುವುದು ಎಂಬ ಎರಡೇ ಕೆಲಸ ಎಂದು ತಿಳಿದವರು ಮಾತ್ರ ಹೀಗೆ ಮಾಡಬಲ್ಲರು. ಇವೆರಡರ ನಡುವೆ ಮೂರನೆಯದೊಂದಿದೆ, ಹುಡುಗರ ನೋಟ್ ಪುಸ್ತಕದ ಮೇಲೆ ಬಾಗಿ ನಿಲ್ಲುವುದು. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತ ಹಿರಿಯರು 'ದಂಡದ ಸಂಬಳ' ಎಂದು ಎಣಿಸಿದ್ದು ಈ ಕೆಲಸದ ಕೂಲಿಯನ್ನೇ.

ಎಂ.ಐ.ಟಿ.ಯ ಪಾಠಗಳ ಮಾತಿಗೇ ಬರೋಣ. 'ಅಲ್ಲಿ ಒಬ್ಬರೇ ನೂರಾರು ಮಂದಿಗೆ ಹೇಳುವುದಿಲ್ಲವೇ' ಎಂದು ಕೇಳುವವರಿದ್ದಾರೆ. ಹೇಳುತ್ತಾರೆ. ಆದರೆ ಅಲ್ಲಿನ ವಿದ್ಯಾರ್ಥಿ ಆ ಉಪನ್ಯಾಸಗಳ ಜೊತೆಗೆ ಪ್ರತಿ ವಾರವೂ ರೆಸಿಟೇಶನ್ ಎಂಬ ಚಿಕ್ಕ ಗುಂಪಿನ ತರಗತಿಗೆ ಹೋಗಿ ಲೆಕ್ಕ ಮಾಡುತ್ತಾನೆ, ತೋರಿಸುತ್ತಾನೆ, ತಿದ್ದಿಸಿಕೊಳ್ಳುತ್ತಾನೆ. ಲೋಕಕ್ಕೆಲ್ಲ ಹಂಚಲು ಬಂದದ್ದು ಉಪನ್ಯಾಸ. ತಿದ್ದುವ ಕೈಯನ್ನು ಚಿತ್ರ ತೆಗೆದು ಕಳಿಸಲು ಬರುವುದಿಲ್ಲವಾದ್ದರಿಂದ ಅದು ಅಲ್ಲೇ ಉಳಿಯಿತು. ನಾವು ಅರ್ಧವನ್ನು ಪಡೆದು ಪೂರ್ತಿ ಸಿಕ್ಕಿತೆಂದು ಉಪನ್ಯಾಸಕರ ಹುದ್ದೆಯನ್ನು ಖಾಲಿ ಬಿಟ್ಟೆವು.

ದೂರವೇ ದೋಷ ಎನ್ನುವವರೂ ಇದ್ದಾರೆ, ನನ್ನ ವಯಸ್ಸಿನ ಮೇಷ್ಟ್ರುಗಳಲ್ಲಿ ಹೆಚ್ಚು. ಅವರ ಜೊತೆಗೂ ನನಗೆ ಸಹಮತವಿಲ್ಲ. ನನ್ನ ಆರ್ ಎಲ್ಲಿ ಕಳೆಯಿತೆಂದು ತೋರಿಸಿದವನು ನೂರು ಕಿಲೋಮೀಟರಿಗೂ ಆಚೆ ಇದ್ದ! ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿದ್ದು 1969ರಲ್ಲಿ. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನನ್ನ ಸಹೋದ್ಯೋಗಿಯೊಬ್ಬರು ಅಂಚೆ ಮೂಲಕವೇ ಎಂ.ಎ. ಮಾಡಿದರು. ಅವರು ಬರೆದು ಕಳಿಸಿದ ಉತ್ತರಗಳು ತಿಂಗಳ ಮೇಲೆ ಹಿಂದಕ್ಕೆ ಬರುತ್ತಿದ್ದವು, ಅಂಚಿನಲ್ಲಿ ಯಾರೋ ಕಾಣದ ಕೈಯ ಬರಹ ಹೊತ್ತು. "ಇಲ್ಲಿ ನಿಮ್ಮ ವಾದಕ್ಕೆ ಆಧಾರ ಸಾಲದು" ಎಂಬಂಥ ಒಂದು ಸಾಲಿಗಾಗಿ ಅವರು ಅಂಚೆಯವನ ದಾರಿ ಕಾಯುತ್ತಿದ್ದುದನ್ನು ಸ್ಟಾಫ್ ರೂಮಿನಲ್ಲಿ ನಾನೇ ಕಂಡಿದ್ದೇನೆ. ಅದೇ 1969ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಓಪನ್ ಯೂನಿವರ್ಸಿಟಿ ಪಾಠಗಳನ್ನು ದೂರದರ್ಶನದಲ್ಲಿ ಬಿತ್ತರಿಸಿತು, ನಿಜ. ಆದರೆ ವಿದ್ಯಾರ್ಥಿಗಳ ಅಭ್ಯಾಸಗಳನ್ನು ಓದಿ ತಿದ್ದಲು ಟ್ಯೂಟರುಗಳನ್ನೂ ನೇಮಿಸಿತು. ಪಾಠ ದೂರದಿಂದ ಬರಲಿ. ತಿದ್ದುವವರಿಗೂ ಸಂಬಳವಿರಲಿ ಎಂದು ಅವರು ಅಂದೇ ಅರಿತಿದ್ದರು.

2020ರ ಕೋವಿಡ್ ದಿನಗಳು ನಿಮಗೆ ನೆನಪಿರಬಹುದು. ಆ ವರ್ಷ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ 'ಸಂವೇದ' ಪಾಠಗಳು ಬಂದವು; ಚೆನ್ನಾಗಿಯೇ ಇದ್ದವು. ಆದರೂ ನಮ್ಮ ಇಲಾಖೆ ಅಷ್ಟಕ್ಕೇ ನಿಲ್ಲದೆ 'ವಿದ್ಯಾಗಮ'ದ ಹೆಸರಿನಲ್ಲಿ ಶಿಕ್ಷಕರನ್ನು ಮಕ್ಕಳಿದ್ದ ಕೇರಿಗಳಿಗೇ ಕಳಿಸಿತು. ಸೋಂಕಿನ ಭಯದಿಂದ ಅದು ಕೆಲವೇ ತಿಂಗಳುಗಳಲ್ಲಿ ನಿಂತಿತೆಂಬುದು ಬೇರೆ ಮಾತು. ಟಿ.ವಿ.ಯೊಂದೇ ಸಾಲದೆಂಬುದು ಅಂದು ಅಧಿಕಾರಿಗಳಿಗೂ ಗೊತ್ತಿತ್ತಲ್ಲ, ಅಷ್ಟು ಸಾಕು.

ಇನ್ನು ಕೆಲವರ ಬಳಿ ರಾಮಾನುಜನ್ ಎಂಬ ಬ್ರಹ್ಮಾಸ್ತ್ರವಿದೆ. 'ಅವರಿಗೆ ಯಾವ ಮೇಷ್ಟ್ರು ಹೇಳಿಕೊಟ್ಟರು? ಕಾರ್ ಎಂಬುವರ ಒಂದು ಪುಸ್ತಕ ಹಿಡಿದು ತಾನೇ ಕಲಿಯಲಿಲ್ಲವೇ? ಕಲಿಯುವ ಬುದ್ಧಿ ಇದ್ದವರು ಹೇಗಾದರೂ ಕಲಿಯುತ್ತಾರೆ.' ಸರಿ, ಒಪ್ಪೋಣ. ಅಂಥ ರಾಮಾನುಜನ್ 1913ರ ಜನವರಿಯಲ್ಲಿ ಮದರಾಸಿನಿಂದ ಹಾರ್ಡಿಯವರಿಗೆ ಪತ್ರ ಬರೆದದ್ದೇಕೆ? ತನ್ನ ಹಾಳೆಗಳನ್ನು ಓದಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಕಂಡುಕೊಂಡೆನೆಂದಿದ್ದ ಫಲಿತಾಂಶಗಳಲ್ಲಿ ಕೆಲವು ತಪ್ಪಾಗಿದ್ದವು. ಏಕೆ ತಪ್ಪೆಂದು ತಿಳಿಸಿದವರು ಹಾರ್ಡಿ. ರಾಮಾನುಜನ್ನರಿಗೇ ಬೇಕಾದದ್ದು ನಮ್ಮ ತಾಲ್ಲೂಕಿನ ಹುಡುಗಿಗೆ ಬೇಡವೇ?

ಇಷ್ಟು ಬರೆದ ಮೇಲೆ ನನ್ನ ಪಾಲಿನ ಲೆಕ್ಕವನ್ನೂ ಒಪ್ಪಿಸಬೇಕು. 1990ರ ದಶಕದ ಆರಂಭದಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಎಪ್ಪತ್ತು ಮಕ್ಕಳಿದ್ದರು. ಕಿರುಪರೀಕ್ಷೆಯ ಕಟ್ಟುಗಳನ್ನು ರಾತ್ರಿ ಮನೆಗೆ ತಂದು ತಿದ್ದುತ್ತಿದ್ದೆ. ತಿದ್ದುವುದೆಂದರೇನು? ಕೊನೆಯ ಸಾಲು ನೋಡುವುದು, ಉತ್ತರ ಸರಿಯಿಲ್ಲದಿದ್ದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುವುದು. ಹಿಂದಿನ ಬೆಂಚಿನ ಹುಡುಗನೊಬ್ಬ ಶಂಕುವಿನ ಲೆಕ್ಕಗಳನ್ನು ಪ್ರತಿ ಸಲವೂ ತಪ್ಪು ಮಾಡುತ್ತಿದ್ದ. ಪ್ರತಿ ಸಲವೂ ನಾನು ಅಡ್ಡಗೆರೆ ಎಳೆದೆ. ಅವನು ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಎರಡು ಬಾರಿ ನಪಾಸಾಗಿ ಓದು ಬಿಟ್ಟ. ನಿಮ್ಮಲ್ಲಿ ಕೆಲವರಿಗೆ ಯಾರೆಂದು ತಿಳಿದೀತು, ಹೆಸರು ಬರೆಯುವುದಿಲ್ಲ. ನಾನು ನಿವೃತ್ತನಾದ ವರ್ಷ ಅವನ ಆಟೋದಲ್ಲಿಯೇ ಕುಳಿತು ಬಸ್ ನಿಲ್ದಾಣಕ್ಕೆ ಹೋದೆ. ಹಣ ತೆಗೆದುಕೊಳ್ಳಲಿಲ್ಲ. ಮಾತಿನ ನಡುವೆ ನಗುತ್ತಲೇ, "ಸಾರ್, ಆ ಕೋನ್ ಲೆಕ್ಕದಲ್ಲಿ ನಾನು ಎಲ್ಲಿ ತಪ್ಪು ಮಾಡ್ತಿದ್ದೆ ಅಂತ ಇವತ್ತಿಗೂ ಗೊತ್ತಾಗಲಿಲ್ಲ ನೋಡಿ" ಎಂದ. ಅಲ್ಲೇ ಒಂದು ಚೀಟಿಯ ಮೇಲೆ ಲೆಕ್ಕ ಮಾಡಿಸಿ ನೋಡಿದೆ. ಓರೆ ಎತ್ತರವನ್ನು ನೇರ ಎತ್ತರವೆಂದು ತೆಗೆದುಕೊಳ್ಳುತ್ತಿದ್ದ. ಅಷ್ಟೇ. ಒಂದು ಸಂಜೆ ಹತ್ತು ನಿಮಿಷ ಅವನ ಪುಸ್ತಕ ನೋಡಿದ್ದರೆ ಮುಗಿಯುತ್ತಿದ್ದ ಕೆಲಸ. ಅವನ ಎದುರಿಗೆ ದಿನವೂ ಒಂದು ಗಂಟೆ ನಿಂತಿದ್ದ ನಾನು ಆ ಪರದೆಗಿಂತ ಯಾವ ರೀತಿಯಲ್ಲಿ ಮೇಲಾಗಿದ್ದೆ? ಎಪ್ಪತ್ತು ಮಕ್ಕಳೆಂಬ ನೆಪ ನನಗಿತ್ತು. ನೆಪ ನಿಜವಾದದ್ದೇ, ಆದರೂ ನೆಪವೇ.

ಹೀಗಾಗಿಯೇ ನಮ್ಮ ಹುಡುಗಿಯ ಮಾತು ನನ್ನ ನಿದ್ದೆ ಕೆಡಿಸಿತು. ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ ಆ ಒಂದು ಪತ್ರಿಕೆ ಅವಳ ಕೈಬಿಟ್ಟಿತು. ಮೊದಲ ವರ್ಷ ಗಣಿತದಲ್ಲಿ ಪ್ರಥಮ ದರ್ಜೆ ಪಡೆದಿದ್ದವಳು. "ತಾತ, ನನ್ನ ತಲೆಗೆ ಮ್ಯಾಥ್ಸ್ ಹತ್ತಲ್ಲ. ಹೆಂಗೋ ಡಿಗ್ರಿ ಮುಗಿಸಿ ಯಾವುದಾದರೂ ಕೆಲಸಕ್ಕೆ ಸೇರಿಕೊಂಡುಬಿಡ್ತೀನಿ" ಎಂದಳು. ನೋಡಿರಿ, ಹುದ್ದೆ ತುಂಬಲಿಲ್ಲವೆಂದು ಅವಳು ಯಾರನ್ನೂ ದೂರಲಿಲ್ಲ. ತನ್ನ ತಲೆಯನ್ನೇ ದೂರಿಕೊಂಡಳು. ಸರ್ಕಾರಕ್ಕೆ ಉಳಿದ ಸಂಬಳ ಎಲ್ಲಿಂದ ಉಳಿಯಿತೆಂದು ಕೇಳುವವರಿಗೆ ಇದೇ ನನ್ನ ಉತ್ತರ: ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ತನ್ನ ಬುದ್ಧಿಯ ಮೇಲಿದ್ದ ನಂಬಿಕೆಯಿಂದ ಕಳೆದುಕೊಳ್ಳಲಾಯಿತು. ಆ ಕಾಲೇಜಿನಲ್ಲಿ ಅವಳೊಬ್ಬಳೇ ಅಲ್ಲ. ಜೊತೆಯವರಲ್ಲಿ ಎಂಟು ಮಂದಿ ಅದೇ ಪತ್ರಿಕೆಯಲ್ಲಿ ಉಳಿದಿದ್ದಾರೆ.

ಆ ಎಂಟು ಮಂದಿಯೂ ಅವಳೂ ಈಗ ಭಾನುವಾರಗಳಂದು ನಮ್ಮ ಮನೆಯ ಜಗಲಿಗೆ ಬರುತ್ತಾರೆ. ನಾನು ಪಾಠ ಹೇಳುವುದಿಲ್ಲ. ಅದಕ್ಕೆ ಫೋನಿದೆ, ನನಗಿಂತ ಬಲ್ಲವರು ಅದರಲ್ಲಿದ್ದಾರೆ. ಅವರು ಮಾಡಿಕೊಂಡು ಬಂದ ಲೆಕ್ಕಗಳನ್ನು ಮೊದಲ ಸಾಲಿನಿಂದ ಓದುತ್ತೇನೆ. ಒಂಬತ್ತು ಪುಸ್ತಕಗಳಿಗೆ ಮೂರೂವರೆ ಗಂಟೆ ಹಿಡಿಯುತ್ತದೆ. ಆರ್ ಬಿಟ್ಟವರು ಒಬ್ಬರಲ್ಲ, ಐವರು! ಅನುಕಲನದ ಕ್ರಮ ಬದಲಿಸುವಾಗ ಮಿತಿಗಳನ್ನು ಹಾಗೆಯೇ ಉಳಿಸುವವರು ಮೂವರು. ಚಿತ್ರ ಬರೆಯದೆ ಲೆಕ್ಕಕ್ಕೆ ಇಳಿಯುವವರು ಎಲ್ಲರೂ.

ಕಷ್ಟವೆಂದರೆ ನನ್ನ ಸರಕು ದ್ವಿ-ಅನುಕಲನಕ್ಕೆ ಮುಗಿಯುತ್ತದೆ. ಗ್ರೀನ್ ಪ್ರಮೇಯವನ್ನು ಕಷ್ಟಪಟ್ಟು ದಾಟಿದ್ದೇನೆ. ಸ್ಟೋಕ್ಸ್ ಪ್ರಮೇಯ ಇನ್ನೂ ಕೈವಶವಾಗಿಲ್ಲ, ಮಕ್ಕಳಿಗಿಂತ ಒಂದು ಹೆಜ್ಜೆಯೂ ಮುಂದಿಲ್ಲ. ನಿಮ್ಮಲ್ಲಿ ಎಂಜಿನಿಯರುಗಳಾದವರು, ಎಂ.ಎಸ್ಸಿ. ಮಾಡಿದವರು, ಹಾಸನದಲ್ಲೂ ತುಮಕೂರಿನಲ್ಲೂ ಕೆಲಸದಲ್ಲಿರುವವರು ಅನೇಕರಿದ್ದೀರಿ. ತಿಂಗಳಿಗೆ ಒಂದು ಭಾನುವಾರ ಬಂದರೂ ಸಾಕು. ಬರಲಾಗದಷ್ಟು ದೂರವಿರುವವರಿಗೆ ವಾರಕ್ಕೆ ಮೂರು ಹಾಳೆಗಳ ಚಿತ್ರ ಕಳಿಸುತ್ತೇನೆ, ನೋಡಿ ಮಕ್ಕಳಿಗೇ ಫೋನ್ ಮಾಡಿ. ಬರುವವರು ಶನಿವಾರವೇ ತಿಳಿಸಿರಿ. ಊಟ ನಮ್ಮಲ್ಲಿ. ಕೆಂಪು ಪೆನ್ನು ತರಬೇಡಿ. ಪೆನ್ಸಿಲುಗಳನ್ನು ನಾನೇ ತಂದಿಟ್ಟಿದ್ದೇನೆ.